ತೊಂಬತ್ತೇಳು ಶೇಕಡಾ

ಕಡತದ ಮೂಲೆಯಲ್ಲಿ ಯಾರೋ ಬರೆದಿದ್ದರು
ನೀಲಿ ಶಾಯಿಯಲ್ಲಿ, ಅವಸರದಲ್ಲಿ:
‘ಸ್ಪಂದಿಸದ ರೋಗಿ’.
ಕಲಿಸ್ತ್ರಾತ್, ಎಪ್ಪತ್ತೊಂದು, ಈರುಳ್ಳಿ ಬೆಳೆಗಾರ,
ಪೈಪುಸ್ ಸರೋವರದ ದಂಡೆಯವನು.

ಟಾರ್ಟುವಿನ ಆಸ್ಪತ್ರೆ, ಫೆಬ್ರವರಿ, ಮೂರನೇ ಮಹಡಿ.
ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ.
ಹೇಗಿದ್ದೀರಿ ಎಂದೆ, ನನ್ನ ಹರಕು ರಷ್ಯನ್ನಿನಲ್ಲಿ.
‘ನರ್ಮಾಲ್ನ’ ಎಂದ.
ಆ ದಂಡೆಯ ಗಂಡಸರು
ಶವಪೆಟ್ಟಿಗೆಯೊಳಗಿಂದಲೂ ಅದನ್ನೇ ಹೇಳುತ್ತಾರೆ.
ಹೆಂಡತಿ ಉಲ್ಯಾನಾ ತಲೆವಸ್ತ್ರದ ಗಂಟು ಬಿಗಿದಳು:
‘ಅಟ್ಟದ ಏಣಿಗೆ ಹನ್ನೊಂದು ಮೆಟ್ಟಿಲು.
ನಾಲ್ಕರಲ್ಲಿ ನಿಲ್ಲುತ್ತಾನೆ.
ಈರುಳ್ಳಿ ಜಡೆ ನಾನೇ ಹೊರುತ್ತೇನೆ.’

ಏಳು ತಿಂಗಳ ಹಿಂದೆ ಅವನ ಎದೆಯ ಚರ್ಮದಡಿ
ಬೆಂಕಿಪೊಟ್ಟಣದಷ್ಟು ಯಂತ್ರ ಹುದುಗಿಸಿದ್ದೆವು, ಮೂರು ತಂತಿ.
ಹೃದಯದ ಬಲಗೋಡೆ ಮೊದಲು ಮುದುಡುತ್ತಿತ್ತು,
ಎಡಗೋಡೆ, ಸುದ್ದಿ ತಡವಾಗಿ ಮುಟ್ಟಿದ ನೆಂಟನಂತೆ,
ಎಲ್ಲ ಮುಗಿದ ಮೇಲೆ ಬರುತ್ತಿತ್ತು.
ಎತ್ತು ಏರಿಗೆ, ಕೋಣ ನೀರಿಗೆ;
ನಡುವೆ ರಕ್ತ ತುಳುಕಾಡಿ ಅಲ್ಲೇ ಉಳಿಯುತ್ತಿತ್ತು.
ಎರಡನ್ನೂ ಒಂದೇ ಹೆಜ್ಜೆಗೆ ತರಲೆಂದು ಆ ತಂತಿ.

ಪರದೆ ತೆರೆದೆ: ತೊಂಬತ್ತೇಳು ಶೇಕಡಾ.
ನೂರು ಬಡಿತದಲ್ಲಿ ತೊಂಬತ್ತೇಳು ಸಲ
ಯಂತ್ರ ತನ್ನ ಕೆಲಸ ಮಾಡಿದೆ.
ಎಲ್ಲವೂ ಸರಿಯಿದೆ, ರೋಗಿಯೊಬ್ಬನನ್ನು ಬಿಟ್ಟು.
ಹೀಗೇ ಪರದೆ ಮುಚ್ಚಿ ಕಳಿಸಿದ್ದುಂಟು ನಾನೂ.
ವೋರುವಿನ ಅಂಚೆಯವಳು, ಸಲ್ಮೆ.
ಆಮೇಲೆ ಬರಲೇ ಇಲ್ಲ.

ಕೋಟು ತೊಡುತ್ತ ಉಲ್ಯಾನಾ ಅಂದಳು:
‘ಬಿಕ್ಕಳಿಕೆಯಾದರೂ ನಿಂತಿತಲ್ಲ, ಅದೇ ಪುಣ್ಯ.’
ಯಾವ ಬಿಕ್ಕಳಿಕೆ?
‘ಮೊದಲ ವಾರ. ಎಡಕ್ಕೆ ಮಲಗಿದರೆ ಹೊಟ್ಟೆ ಕುಣಿಯುತ್ತಿತ್ತು,
ಮಂಚವೇ ಅಲುಗುತ್ತಿತ್ತು.
ಇಲ್ಲಿ ಒಬ್ಬ ಹುಡುಗ ಏನೋ ಒತ್ತಿದ. ನಿಂತಿತು.’

ಹಳೆಯ ಪುಟಗಳಲ್ಲಿ ಇತ್ತು, ಒಂದೇ ಸಾಲು:
ಎಡ ತಂತಿಯ ಬಲ ಎರಡೂವರೆ ವೋಲ್ಟಿನಿಂದ ಒಂದಕ್ಕೆ ಇಳಿಸಿದೆ.
ರೋಗಿಗೆ ಸಮಾಧಾನ.

ಸಮಾಧಾನವೇ. ವಪೆಯ ನರ ಸುಮ್ಮನಾಯಿತು,
ಜೊತೆಗೇ ಎಡಗೋಡೆಯೂ.
ಏಳು ತಿಂಗಳು ತಂತಿ ಪಿಸುಗುಟ್ಟಿದೆ,
ಅದೇ ಕೋಣನ ಮುಂದೆ ಕಿನ್ನರಿ.
ಯಂತ್ರ ಎಣಿಸುವುದು ತಾನು ಕೂಗಿದ್ದನ್ನು,
ಓಗೊಟ್ಟದ್ದನ್ನಲ್ಲ.

ಮಲಗಿಸಿದೆ. ಎದೆಗೆ, ಕೈಕಾಲಿಗೆ ಹತ್ತು ಅಂಟು.
ಕಾಗದದ ಮೇಲೆ ಗೆರೆ ಹಿಂದಿನಷ್ಟೇ ಅಗಲ.
ಎಡ ತಂತಿಗೆ ನಾಲ್ಕು ಕಡೆ ಬಾಯಿ.
ಎರಡನೆಯದರಲ್ಲಿ ಹೊಟ್ಟೆ ನೆಗೆಯಿತು;
‘ಇವನೇ’ ಎಂದ ಕಲಿಸ್ತ್ರಾತ್,
ಸಾಲಗಾರನನ್ನು ಸಂತೆಯಲ್ಲಿ ಕಂಡವನಂತೆ.
ಮೂರನೆಯದನ್ನು ಮೆಲ್ಲಗೆ ಏರಿಸಿದೆ,
ಒಂದು, ಒಂದೂಕಾಲು, ಒಂದೂವರೆ,
ಗೆರೆ ಸಟ್ಟನೆ ಸಪೂರವಾಯಿತು.
ಹೊಟ್ಟೆ ಮಿಸುಕಲಿಲ್ಲ.
ಕೆಮ್ಮಿ ಎಂದೆ. ಎಡಕ್ಕೆ ಹೊರಳಿ ಎಂದೆ. ಎದ್ದು ಕೂರಿ.
ಸಪೂರವೇ.

ಅವನಿಗೇನೂ ಅನಿಸಲಿಲ್ಲ. ಟೋಪಿ ಎಲ್ಲಿ ಎಂದು ಕೇಳಿದ.
ನೀಲಿ ಶಾಯಿಯ ಮೇಲೊಂದು ಗೀಟು ಎಳೆದೆ,
ಬದಲಿಗೆ ಏನು ಬರೆಯಬೇಕೋ ತೋಚದೆ
ಹಾಗೇ ಬಿಟ್ಟೆ.

ಮೇ ತಿಂಗಳಲ್ಲಿ ಈರುಳ್ಳಿ ಜಡೆಯೊಂದು ಬಂತು,
ಹೋದ ವರ್ಷದ್ದು, ಚೀಟಿಯಿಲ್ಲದೆ.
ಫೋನು ಮಾಡಿದೆ. ಹನ್ನೊಂದೂ ಹತ್ತುತ್ತಾರೆಯೇ?
‘ಒಂಬತ್ತು,’ ಎಂದಳು ಉಲ್ಯಾನಾ.
‘ಕಿಟಕಿಯಿಂದ ಸರೋವರ ನೋಡಲು ನಿಲ್ಲುತ್ತಾನಂತೆ.
ನಂಬಬೇಡಿ.
ಜಡೆ ಮಾತ್ರ ಅವನ ಹೆಗಲ ಮೇಲೇ ಇರುತ್ತದೆ.’
ಯಂತ್ರವನ್ನು ಕೇಳಿದರೆ
ಈಗಲೂ ತೊಂಬತ್ತೇಳು ಎನ್ನುತ್ತದೆ.

ಸಂಜೆ ಸಲ್ಮೆಯ ಕಡತ ತರಿಸಿದೆ.
ಅವಳದು ತೊಂಬತ್ತೆಂಟು.
ಮೂರು ಸಲ ಫೋನು ಮಾಡಿದ್ದೇನೆ.
ರಿಂಗಾಗುತ್ತಿದೆ.