ತಲೆ ಎಣಿಕೆ

ಇಲಾಖೆಯ ಟ್ಯಾಬು ಬಿಸಿಲಿಗೆ ಕನ್ನಡಿಯಾಗಿ
ನನ್ನ ಮುಖವನ್ನೇ ತೋರಿಸುತ್ತಿತ್ತು.
ಸೆರಗಿನ ನೆರಳು ಹಿಡಿದು ಓದಿದೆ:
ಕುರಿ ಎಷ್ಟು? ಮೇಕೆ ಎಷ್ಟು? ಟಗರು?
ಗಾದಿಲಿಂಗಪ್ಪ ಅರ್ಧ ಬೀಡಿ ಆರಿಸಿ
ಕಿವಿಸಂದಿಗೆ ಸಿಕ್ಕಿಸಿಕೊಂಡ.
"ಅದಾವ ಬಿಡವ್ವ. ಕೊಟ್ಟವನಿಗೆ ಗೊತ್ತೈತಿ."

ದನ?
"ಈ ಕಡಿ ಅಡವ್ಯಾಗ ಈಗ ಯಾರ್ವೂ ಇಲ್ಲ."
ಸೊನ್ನೆ ಒತ್ತಿದೆ. ಅದೊಂದು ಸಲೀಸು.

ಉಣ್ಣೆ, ಕೆಜಿಗಳಲ್ಲಿ?
ಬೆರಳು ತೋರಿಸಿದ. ಜಾಲಿಮುಳ್ಳಿನ ತುಂಬ
ಕರಿಯ ಮುದ್ದೆಗಳು, ಕೆಲವು ಮಣ್ಣಾಗಿ.
"ಕತ್ತರಿಸಿದ ಕೂಲಿನೂ ಹುಟ್ಟಂಗಿಲ್ಲ. ಅಲ್ಲೇ ಒಗದೀವಿ."

ನಮ್ಮಜ್ಜಿ ಎರ್ರೆಮ್ಮ ಇದ್ದಿದ್ದರೆ
ಮುಳ್ಳಿನಿಂದ ಎಳೆ ಎಳೆ ಬಿಡಿಸಿ ತರುತ್ತಿದ್ದಳು.
ಹುಣಸೆಬೀಜದ ಗಂಜಿ ಕಾಸಿ
ನೂಲಿನುದ್ದಕ್ಕೂ ಬಳಿಯುತ್ತಿದ್ದಳು.
ಆ ಒಗರು ವಾಸನೆ ಅವಳು ಹೋದಮೇಲೂ
ಎರಡು ಮಳೆಗಾಲ ಗೋಡೆಯಲ್ಲಿತ್ತು.
ಹುಟ್ಟಿದಾಗ ನನ್ನನ್ನು ಸುತ್ತಿದ ಅವಳ ಕಂಬಳಿ
ಈಗ ಸ್ಕೂಟರಿನ ಸೀಟಿನ ಮೇಲಿದೆ,
ಸುಡಬಾರದೆಂದು.

ನಡುಮಧ್ಯಾಹ್ನ.
ತೋರಣಗಲ್ಲಿನ ದಾರಿಯ ಬೂದಿದಿಬ್ಬದ
ಗೇಣು ನೆರಳಿಗೆ ಕೂತು ಬುತ್ತಿ ಬಿಚ್ಚಿದೆವು.
ರಾಕ್ಷಸನನ್ನು ಸುಟ್ಟ ಬೂದಿ, ಅನ್ನುತ್ತಿದ್ದಳು ಅಜ್ಜಿ.
ಅಲ್ಲ, ಎಂದೆ ನಾನು, ತರಬೇತಿಯಲ್ಲಿ ಕೇಳಿದ್ದು ನೆನೆದು,
ನಾಲ್ಕೈದು ಸಾವಿರ ವರ್ಷದ ಕೆಳಗೆ
ಇಲ್ಲಿ ದನ ಕಟ್ಟುತ್ತಿದ್ದರಂತೆ.
ಬಿದ್ದ ಸಗಣಿ ಕೂಡಿಟ್ಟು ಕೂಡಿಟ್ಟು
ಬೆಂಕಿ ಇಡುತ್ತಿದ್ದರಂತೆ, ಮತ್ತೆ ಕಟ್ಟುತ್ತಿದ್ದರಂತೆ.
ಎಲ್ಲೋ ಅಗೆದಾಗ ಗೊರಸಿನ ಗುರುತೂ ಸಿಕ್ಕಿತಂತೆ.

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.
"ಗೊಬ್ಬರ ಸುಟ್ರಾ?
ಎಂಥಾ ಹುಚ್ಚರವ್ವ!
ಒಂದು ರಾತ್ರಿ ಹೊಲದಾಗ ಕುರಿ ನಿಲ್ಲಿಸಿದ್ರ
ಸಾಹುಕಾರ ಜೋಳ ಅಳೀತಾನ."
ನಕ್ಕ. ನೀರು ಕುಡಿದ.
ಆಮೇಲೆ ಬಹಳ ಹೊತ್ತಿಗೆ, ದಿಬ್ಬಕ್ಕೆ ಹೇಳುವಂತೆ:
"ಏನೋ ಬ್ಯಾನಿ ಬಂದಿರಬೇಕು ದನಕ್ಕ.
ಸುಮ್ಮಸುಮ್ಮನ ಯಾರೂ ಸುಡಂಗಿಲ್ಲ."

ಆಚೆ ಥರ್ಮಲ್ಲಿನ ಚಿಮಣಿ.
ಗಾಳಿ ತಿರುಗಿದ ದಿನ ಅಲ್ಲಿನ ಬೂದಿ
ಕುರಿಯ ಬೆನ್ನಿಗೂ, ನಮ್ಮ ಮೊಸರಿಗೂ.
ಇದನ್ನು ಯಾವ ರಾಕ್ಷಸನ ಲೆಕ್ಕಕ್ಕೆ ಬರೆಯುತ್ತಾರೋ
ನಮ್ಮ ಕಡೆಯ ಅಜ್ಜಿಯರು.

ಟ್ಯಾಬು ಬಿಡಲಿಲ್ಲ. ಖಾನೆ ಖಾಲಿ ಇದ್ದರೆ ಮುಂದಕ್ಕೆ ಹೋಗದು.
ಸಂಜೆತನಕ ಕಾದೆ.
ಕೊಯ್ದ ಹೊಲದಲ್ಲಿ ಬಲೆ ಕಟ್ಟಿ
ಬಲೆಯ ಬಾಯಿಗೆ ಅವನು ನಿಂತ,
ಅವನ ಹಿಂದೆ ಕಳ್ಳಿಯಂತೆ ನಾನು.
ಅವನ ಅಂಗೈಯ ಕೆಳಗೆ ಒಂದೊಂದೇ ಬೆನ್ನು ಹಾದು ಹೋಯಿತು,
ಕೆಂದಿ, ಮೋಟುಗಿವಿ, ಹಂಡಿ,
ಹೋದ ವರ್ಷ ತೋಳ ಹಿಡಿದು ಬಿಟ್ಟದ್ದು, ಅದರ ಮಗಳು.
ನಾನು ಬಾಯೊಳಗೇ ನೂರಾ ಎಂಬತ್ತೇಳು ದಾಟಿ
ಎಲ್ಲೋ ತಪ್ಪಿದೆ.
ಅವನು ತಪ್ಪಲಿಲ್ಲ.
"ಕುಂಟಿ ಬಂದಿಲ್ಲ."

ಟಾರ್ಚು ಹಿಡಿದು ದಿಬ್ಬದ ಕಡೆ ನಡೆದ.
ನಾಲಿಗೆಯನ್ನು ಅಂಗಳಕ್ಕೆ ಹಚ್ಚಿ ಅವನು ಹಾಕುವ ಕೂಗಿಗೆ
ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ.
ಮೊದಲು ನಾಯಿ ಓಗೊಟ್ಟಿತು,
ಆಮೇಲೆ ಬಲೆಯೊಳಗಿನ ಹಿಂಡು,
ಆಮೇಲೆ, ಬೂದಿಯ ಅತ್ತಲಿಂದ,
ತಗ್ಗಿದ ದನಿಯ ಉದ್ದನೆಯದೊಂದು.

ಅದು ಕುರಿಯದಲ್ಲ.
ಮಂದೆ ನೋಡುತ್ತ ಬೆಳೆದವಳು, ನನಗೆ ಗೊತ್ತು.

ಬೆಳಿಗ್ಗೆ ಒತ್ತಿದ ಸೊನ್ನೆ
ಕತ್ತಲಲ್ಲಿ ಬೆಳ್ಳಗೆ ಬೆಳಗುತ್ತಿತ್ತು.
ಬ್ಯಾಟರಿ ಎರಡು ಪರ್ಸೆಂಟು.
ಒತ್ತಲೋ ಬೇಡವೋ ಎಂದು ಬೆರಳು ಎತ್ತಿಕೊಂಡು
ಅವನ ಟಾರ್ಚು ಹಿಂದಿರುಗುವ ದಾರಿ ನೋಡಿದೆ.