ಲೆಟರ್‌ಹೆಡ್ ಇಲ್ಲದ ಅಂಗಡಿ

ಹದಿಮೂರು ವಾರ ಎಲ್ಲಾದರೂ
ಕೆಲಸ ಕಲಿತು ಬನ್ನಿ ಎಂದರು ಕಾಲೇಜಿನಲ್ಲಿ.
ಎಲ್ಲಿ ಎಂದು ಹೇಳಲಿಲ್ಲ.

ಬೈಕಂಪಾಡಿಯ ಗೇಟಿನಲ್ಲಿ ವಾಚ್‌ಮನ್
ಫೈಲನ್ನು ಮೀನಿನಂತೆ ತೂಗಿ ನೋಡಿ ಒಳಗೆ ಹೋದ.
ಊಟದ ಸೈರನ್ ಕೂಗಿದ ಮೇಲೆ ಬಂದು
ಹುಡುಗಿಯರಿಗೆ ಟಾಯ್ಲೆಟ್ ಇಲ್ಲವಂತೆ ಮಾರಾಯ್ತಿ,
ಮುಂದಿನ ವರ್ಷ ನೋಡುವ ಎಂದ.
ಮುಂದಿನ ವರ್ಷ ನಾನು ಹುಡುಗಿಯಾಗಿರುವುದಿಲ್ಲವೇನೋ.

ಯೆಯ್ಯಾಡಿಯಲ್ಲಿ ಮಾತ್ರ ಒಳಗೆ ಕರೆದರು,
ಎ.ಸಿ. ಹಾಕಿ ಕೂರಿಸಿ ಚಾ ಕೊಟ್ಟರು.
ಹನ್ನೆರಡು ಸಾವಿರ ಕಟ್ಟಿದರೆ ಸರ್ಟಿಫಿಕೇಟ್,
ನೀವು ಬರಬೇಕೆಂದೇ ಇಲ್ಲ ಎಂದರು
ದೊಡ್ಡ ಉಪಕಾರದಂತೆ.
ಇಳಿಯುತ್ತ ಲೆಕ್ಕ ಹಾಕಿದೆ:
ಅಮ್ಮ ಸಿಗಡಿ ಸುಲಿಯುವ ಬಕೆಟ್‌ಗಳು, ಒಂದಕ್ಕೆ ಇಷ್ಟು,
ದಿನಕ್ಕೆ ಇಷ್ಟು, ಬೆರಳ ತುದಿ ಒಡೆದ ದಿನ ಸೊನ್ನೆ…
ಮುಗಿಯುವ ಮೊದಲೇ ಬಸ್ಸು ಬಂತು. ರೈಟ್, ಪೋಯಿ.

ಬಂದರಿನಿಂದ ಬೆಂಗರೆಗೆ ಫೆರಿ.
ನಡು ಹೊಳೆಯಲ್ಲಿ ಇಂಜಿನ್ ಕೆಮ್ಮಿತು, ನಿಂತಿತು,
ಬೈಗುಳ ಕೇಳಿ ಮತ್ತೆ ಹೊರಟಿತು.
ನಾಳೆ ಮೋನಾಕನಲ್ಲಿಗೆ ತಕೊಂಡು ಹೋಗ್ಬೇಕು ಎಂದ ಪುಷ್ಪರಾಜಣ್ಣ.
ಮೋನಾಕ!
ಜೆಟ್ಟಿಯಿಂದ ಇಪ್ಪತ್ತು ಹೆಜ್ಜೆ. ಮೂರು ವರ್ಷ
ಅದೇ ಅಂಗಡಿಯ ಮುಂದೆ, ಶಾಲಿಗೆ ಗ್ರೀಸ್ ತಾಗದಂತೆ
ಓರೆಯಾಗಿ ದಾಟಿದ್ದೆ.

ಕಾಲೇಜಿನವರಿಗೆ ಇಲ್ಲಿ ಎಂತ ಉಂಟು ಎಂದರು.
ಆಮೇಲೆ, ಸಂಬಳ ಇಲ್ಲ, ಬೂತಾಯಿ ಸಾರು ಉಂಟು ಎಂದರು.

ಮೊದಲ ವಾರ ಬರೀ ನಟ್ಟು ತೊಳೆದೆ, ಡೀಸೆಲಿನಲ್ಲಿ.
ಎರಡನೇ ವಾರವೂ.
ರಾತ್ರಿ ಅನ್ನಕ್ಕೆ ಡೀಸೆಲ್ ವಾಸನೆ, ತಮ್ಮ ದೂರ ಕೂತ.
ನಾಲ್ಕನೆಯದರಲ್ಲಿ ಒಂದು ದಿನ
ಕೈಯಷ್ಟು ಉದ್ದದ ಸ್ಕ್ರೂಡ್ರೈವರ್ ಕೊಟ್ಟರು.
ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ.
ಆರು ಉಂಟಲ್ಲ, ಒಂದು ಸುಳ್ಳು ಹೇಳ್ತದೆ. ಯಾವುದು?
ನನಗೆ ಕೇಳಿಸಿದ್ದು ಗದ್ದಲ.
ಮರುದಿನವೂ ಗದ್ದಲ.
ಹದಿನೇಳನೇ ದಿನ, ಎಂತ ಆಯಿತೋ,
ಐದರ ನಡುವೆ ಒಂದು ಟಕ್ ಸ್ವಲ್ಪ ಹಿಂದೆ ಬಿತ್ತು,
ಪ್ರಾರ್ಥನೆಗೆ ತಡವಾಗಿ ಬಂದ ಮಗುವಿನ ಹಾಗೆ.
ಮೂರನೆಯದು ಎಂದೆ.
ಮೋನಾಕ ಎಂತದೂ ಹೇಳಲಿಲ್ಲ.
ಆ ದಿನ ಸಾರಿನಲ್ಲಿ ಬಂಗುಡೆ.

ಗೈಡ್ ಸರ್ ಫೋನಿನಲ್ಲಿ ಕೇಳಿದರು:
ಕಂಪೆನಿ ಹೆಸರು? ಜಿಎಸ್‌ಟಿ ನಂಬರ್? ಲೆಟರ್‌ಹೆಡ್ ಉಂಟಲ್ಲ?
ಬೋರ್ಡ್ ಉಂಟು, ಅದರಲ್ಲಿ 'ಮೆರೈನ್'ನ ಮೆ ಉದುರಿದೆ.
ದೋಣಿ ಚಿತ್ರದ ಹಳೆ ರಶೀದಿ ಪುಸ್ತಕ ಉಂಟು.
ನೀನೇ ಬರಿ, ನಾನು ಸೈನ್ ಹಾಕ್ತೇನೆ ಎಂದರು ಮೋನಾಕ.

ಕುಮಾರಿ ವೀಕ್ಷಾ ಕುಂದರ್ ಇವರು
ಶ್ರದ್ಧೆಯಿಂದ, ಶಿಸ್ತಿನಿಂದ…
ಓದಿ ಹೇಳಿದೆ. ನಿಲ್ಲಿಸು ಎಂದರು.
ಅದು ಸತ್ತವರಿಗೂ ಬರೀತಾರೆ.
ಮೂರನೆಯದು ಕೇಳಿಸ್ತು ಅಂತ ಬರಿ.
ರಶೀದಿಯ ಹಿಂಬದಿ ಬರೆದೆ, ಹಾಗೆಯೇ. ಸೈನಿನ ಪಕ್ಕ
ಹೆಬ್ಬೆರಳ ಎಣ್ಣೆಯ ಗುರುತು, ಅವರದೋ ನನ್ನದೋ.

ನಮೂನೆಯಲ್ಲಿಲ್ಲ ಎಂದು ಹತ್ತು ಅಂಕ ಹೋಯಿತು.
ಬೈಕಂಪಾಡಿಗೆ ಮತ್ತೆ ಅರ್ಜಿ ಹಾಕಿದ್ದೇನೆ,
'ಅನುಭವ' ಎಂಬಲ್ಲಿ ಎರಡೇ ಇಂಚು ಜಾಗ.

ಈಗ ಫೆರಿಯಲ್ಲಿ ಇಂಜಿನ್ನಿನ ಪಕ್ಕವೇ ನಿಲ್ಲುತ್ತೇನೆ.
ಹೇಗುಂಟು ಎಂದು ಕೇಳಿದ ಪುಷ್ಪರಾಜಣ್ಣ, ನಿನ್ನೆ, ತಮಾಷೆಗೆ.
ಹೊಗೆ ಕಪ್ಪುಂಟು, ನಾಳೆ ಬೆಳಿಗ್ಗೆ ತನ್ನಿ ಎಂದೆ.
ಹೇಳಿದ ಮೇಲೆ ನೆನಪಾಯಿತು,
ನನ್ನ ಹದಿಮೂರು ವಾರ
ಮುಗಿದು ನಾಲ್ಕು ದಿನ.