ಚಿತ್ರ ಚೆಂದ ಉಂಟು, ಮಿಸ್ರಿಯಾ

ಚಿತ್ರ ಚೆಂದ ಉಂಟು, ಮಿಸ್ರಿಯಾ.
ಮೊದಲೇ ಹೇಳಿಬಿಡುತ್ತೇನೆ,
ಕೊನೆಗೆ ಹೇಳಿದರೆ ಸಮಾಧಾನಕ್ಕೆ ಹೇಳಿದ ಹಾಗೆ ಕೇಳುತ್ತದೆ.

ನಾಲ್ಕು ಮೊಟ್ಟೆ. ಮುರಕಲ್ಲಿನ ಹರಳುಗಳ ನಡುವೆ
ಹರಳೇ ಅನ್ನಿಸುವ ಹಾಗೆ, ಚೂಪು ತುದಿ ಒಳಗಿಟ್ಟು,
ತಲೆ ಕೂಡಿಸಿ ಗುಟ್ಟು ಮಾತಾಡುವ ನಾಲ್ಕು ಮಂದಿಯಂತೆ.
ಚುಕ್ಕಿ ಚುಕ್ಕಿಯೂ ಕಾಣುತ್ತದೆ.
ಫೋಕಸ್ಸಿನಲ್ಲಿ ತಪ್ಪು ಹುಡುಕುವವನು ಕನ್ನಡಕ ಬದಲಿಸಬೇಕು.
ಸೀತಾಂಗೋಳಿಯ ಪದವಿನಲ್ಲಿ ಟಿಟ್ಟಿಭದ ಗೂಡು ಕಂಡದ್ದೇ ದೊಡ್ಡದು;
ನಾನು ಅದನ್ನು ತುಳಿಯದೆ ದಾಟಿದ್ದು ಎಷ್ಟು ಸಲವೋ,
ಕಂಡದ್ದು ಒಂದೇ ಸಲ.

ಕುಳಿತುಕೋ. ಚಾ ಬರುತ್ತದೆ.
ಕುಂಬಳೆಯ ಈ ಸ್ಟುಡಿಯೊದಲ್ಲಿ ಮೂವತ್ತೆಂಟು ವರ್ಷ
ಮದುಮಗಳ ಗಲ್ಲ ಎತ್ತಿ, ಪಾಸ್‌ಪೋರ್ಟಿನವರ ಕಿವಿ ಹೊರಗೆ ತೋರಿಸಿ,
ಗಲ್ಫಿಗೆ ಹೊರಟವರನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ
ಕಲಿತದ್ದು ಒಂದೇ: ಮುಖಕ್ಕಿಂತ ಮೊದಲು ನೆರಳು ನೋಡಬೇಕು.
ಮುಖ ಸುಳ್ಳು ಹೇಳುತ್ತದೆ; ನೆರಳಿಗೆ ಅಷ್ಟು ಬುದ್ಧಿ ಇಲ್ಲ.

ನಿನ್ನ ಮೊಟ್ಟೆಗಳ ನೆರಳು ಎಲ್ಲಿ?
ಬುಡದಲ್ಲೇ ಮುದುಡಿದೆ, ಉಗುರಿನಷ್ಟು.
ಅಂದರೆ ಪಗ್ಗು ತಿಂಗಳ ನಡು ಮಧ್ಯಾಹ್ನ.
ಚಪ್ಪಲಿ ಇಲ್ಲದೆ ಆ ಕಲ್ಲಿನಲ್ಲಿ ಹತ್ತು ಹೆಜ್ಜೆ ಇಡು ನೋಡುವ.
ಮೂಲೆಯಲ್ಲಿ ಸಮಯವೂ ಬಿದ್ದಿದೆ:
ಮೊದಲನೆಯದು ಹನ್ನೆರಡು ಮೂವತ್ತೊಂದು,
ಆರನೆಯದು ಹನ್ನೆರಡು ಐವತ್ತನಾಲ್ಕು.
ಇಪ್ಪತ್ತಮೂರು ನಿಮಿಷ ತಾಯಿ ಎಲ್ಲಿದ್ದಳು?

"ಮೇಲೆ ಸುತ್ತುತ್ತಾ ಕೂಗ್ತಾ ಇತ್ತು, ಒಳ್ಳೆ ಸೌಂಡ್" ಅಂದೆ ನೀನು.
ಅದು ಸೌಂಡ್ ಅಲ್ಲ ಮಾರಾಯ್ತಿ.
ಆ ಹೊತ್ತಿಗೆ ಅದು ಮೊಟ್ಟೆಗೆ ಕಾವು ಕೊಡುವುದಲ್ಲ,
ನೆರಳು ಕೊಡುವುದು. ಕಲ್ಲುಕೋರೆಯ ಹೊಂಡಕ್ಕೆ ಹೋಗಿ
ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು
ಕೊಡೆಯಂತೆ ನಿಲ್ಲುತ್ತದೆ, ಬಾಯಿ ತೆರೆದು.
ನೀನು ತೆಗೆದದ್ದು ಕೊಡೆ ಕಿತ್ತ ಮೇಲಿನ ಚಿತ್ರ.

ಮುಖ ಸಣ್ಣ ಮಾಡಬೇಡ.
ಆ ಗೋಡೆ ನೋಡು, ಆಣಿ ಉಂಟು, ಚೌಕಟ್ಟು ಇಲ್ಲ.
ಅಲ್ಲಿ ಒಂದು ಮಿಂಚುಳ್ಳಿ ಇತ್ತು, ಕೊಕ್ಕಿನಲ್ಲಿ ಮೀನು.
ಮೊದಲ ಬಹುಮಾನ, ತಟ್ಟೆ, ಶಾಲು, ಪೇಪರಿನಲ್ಲಿ ಹೆಸರು.
ಶಿರಿಯ ಹೊಳೆಯ ಬದಿಯಲ್ಲಿ ಆ ಮೀನಿನ ಬಾಲಕ್ಕೆ
ನೈಲಾನ್ ನೂಲು ಕಟ್ಟಿದ್ದು ನಾನು.
ನೂಲು ಕಾಣದ ಹಾಗೆ ಅಂಚು ಕತ್ತರಿಸಿ ಪ್ರಿಂಟ್ ಹಾಕಿದ್ದೂ ನಾನೇ.
ಹಕ್ಕಿ ಮೀನು ನುಂಗಿತು. ನೂಲೂ ನುಂಗಿತು.
ಆಮೇಲೆ ಏನಾಯಿತು ಕೇಳಬೇಡ, ನಾನು ನಿಲ್ಲಲಿಲ್ಲ,
ಫಿಲ್ಮ್ ತೊಳೆಯುವ ಗಡಿಬಿಡಿ.
ಹನ್ನೊಂದು ವರ್ಷ ಅದು ಗೋಡೆಯಲ್ಲಿತ್ತು.
ಬಂದವರು ಚೆಂದ ಉಂಟು ಅಂದರು,
ಚಾ ಕುಡಿದರು, ಹೋದರು.
ಒಬ್ಬನಾದರೂ ಕೇಳಬಹುದಿತ್ತು.

ಇನ್ನೊಮ್ಮೆ ಹೋಗು, ಬೆಳಗ್ಗೆ ಏಳರ ಒಳಗೆ.
ಬಸ್‌ಸ್ಟಾಪಿನ ಕಟ್ಟೆಯಲ್ಲೇ ಕೂತಿರು, ಪದವಿಗೆ ಹತ್ತಬೇಡ.
ಅದು ಕೂಗಿದರೆ ನೀನು ಹತ್ತಿರವಾದೆ ಎಂದು ಲೆಕ್ಕ; ಎದ್ದು ಹಿಂದೆ ಬಾ.
ಹಕ್ಕಿ ಸಣ್ಣದಾಗಲಿ ಮಾರಾಯ್ತಿ, ಏನು ನಷ್ಟ?
ಹಿಂದಿನ ಟವರ್, ಕಲ್ಲು ಹೊರುವ ಲಾರಿ,
ಯಾವುದನ್ನೂ ಕತ್ತರಿಸಬೇಡ, ಅದು ಬದುಕುವುದು ಅಲ್ಲಿಯೇ.
ಜಾಗ ಯಾರಿಗೂ ಹೇಳಬೇಡ. ನನಗೆ ಹೇಳಿದ್ದೇ ತಪ್ಪು.

ಚಾ ಕುಡಿಯದೆ ಎದ್ದು ಹೋದಳು.
ಮಾತು ಹೆಚ್ಚಾಯಿತೋ ಏನೋ. ಹೆಚ್ಚಾಗಿರಬಹುದು.
ನಮ್ಮವಳು ಅನ್ನುವುದುಂಟು, ನಿಮ್ಮ ಬುದ್ಧಿಮಾತಿಗೆ
ಉಪ್ಪು ಜಾಸ್ತಿ, ಗಂಜಿ ಕಡಿಮೆ.

ಮೊದಲ ಮಳೆ ಬಿದ್ದ ಮರುದಿನ ಬಂದಳು,
ಕೊಡೆ ಮಡಚಿ, ಮಾತಿಲ್ಲದೆ, ಒಂದು ಪ್ರಿಂಟು ಮೇಜಿನಲ್ಲಿಟ್ಟಳು.
ಉಪ್ಪಳದಲ್ಲಿ ಹಾಕಿಸಿದ್ದು, ನನ್ನಲ್ಲಿ ಅಲ್ಲ.
ಪದವು. ಬೂದು ಮುಗಿಲು. ಕೋರೆಯ ಅಂಚು. ಒಂದು ಲಾರಿಯ ಹಿಂಭಾಗ.
"ಹಕ್ಕಿ ಎಲ್ಲಿ?"
"ಉಂಟು."
ಕನ್ನಡಕ ಒರೆಸಿದೆ. ಎಡದಿಂದ ಬಲಕ್ಕೆ ಹೋದೆ,
ತಿರುಗಿ ಬಂದೆ, ಕಲ್ಲು ಕಲ್ಲನ್ನೂ ವಿಚಾರಿಸಿದೆ.
"ಮರಿ?"
"ಅದೂ ಉಂಟು. ಮೂರು."
"ಬೆರಳಿಟ್ಟು ತೋರಿಸು."

ತೋರಿಸಲಿಲ್ಲ.
ನನ್ನ ಪಾಲಿನ ಚಾವನ್ನೂ ಹತ್ತಿರ ಎಳೆದುಕೊಂಡು
ಕುಡಿಯುತ್ತಾ ಕೂತಳು, ಅವಸರವಿಲ್ಲದೆ.
ನಾನು ಹುಡುಕುತ್ತಾ ಇದ್ದೆ.